ಹಲಸಿನ ಹಲಗೆಯ ಮೇಲೆ ಜಪಾನಿನ ಮಂಜು

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹಳೇ ಮನೆಯ ಅಟ್ಟ ಬಿಚ್ಚಿದಾಗ ಒಂದು ಹಲಸಿನ ಹಲಗೆ ಸಿಕ್ಕಿತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೇ ತುಂಡು. ಅದರ ಮೇಲೆ ಜಪಾನಿ ಶೈಲಿಯಲ್ಲಿ ಪೈನ್ ಮರ, ಮಂಜು, ಕೊಕ್ಕರೆ ಬರೆಯುವ ಆಸೆ. ಅಭ್ಯಾಸಕ್ಕೆ ಅಂತ ಮೊದಲು ಪ್ಲೈವುಡ್ ಮೇಲೆ ಬಿಳಿ ಪ್ರೈಮರ್ ಹೊಡೆದು ಅಕ್ರಿಲಿಕ್‌ನಲ್ಲಿ ಬರೆದೆ. ಅಂಗಡಿ ಬೋರ್ಡಿನ ಹಾಗೆ ಕಂಡಿತು. ಮರದ ಎಳೆ ಕಾಣುವಂತೆ ಚಿತ್ರ ಬರೆಯುವುದು ಜಪಾನಿನಲ್ಲಿ ನಿಜವಾಗಿ ಇರುವ ಪದ್ಧತಿಯಾ ಅಥವಾ ಈಗಿನ ಫ್ಯಾಶನ್ನಾ? ಹಲಗೆಯನ್ನು ಸುಟ್ಟು ಕಪ್ಪು ಮಾಡಬೇಕು ಅಂತ ಕೆಲವರು ಹೇಳುತ್ತಾರೆ, ಮಾಡಲಾ? ಅಸ್ತರು ಯಾವುದು, ಬಣ್ಣ ಯಾವುದು?

ಉತ್ತರ:

ನಮಸ್ಕಾರ. ಸುಡುವ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಒಮ್ಮೆ ಸುಟ್ಟರೆ ಆ ಹಲಗೆ ಮತ್ತೆ ಸಿಗುವುದಿಲ್ಲ. ಸುಡಬೇಡಿ. ಕಾರಣ ಮುಂದೆ ಬರುತ್ತದೆ.

ಇನ್ನು ಆ ಅಂಗಡಿ ಬೋರ್ಡಿನ ಮಾತು. ಅದಕ್ಕೆ ನಿಮ್ಮ ಕೈ ಕಾರಣ ಅಲ್ಲ, ಪ್ರೈಮರ್ ಕಾರಣ. ಬಿಳಿ ಪ್ರೈಮರ್ ಹೊಡೆದ ಕೂಡಲೇ ಮರ ಮುಚ್ಚಿಹೋಯಿತು. ಆಮೇಲೆ ಆಕಾಶ, ನೀರು, ಮಂಜು ಎಲ್ಲವನ್ನೂ ನೀವೇ ಬಣ್ಣದಿಂದ ತುಂಬಬೇಕಾಯಿತು. ಹಲಗೆಯ ಮೇಲೆ ಬರೆಯುತ್ತಿದ್ದ ಜಪಾನಿನ ಹಳೇ ಚಿತ್ರಗಾರರು ಆ ಕೆಲಸದ ದೊಡ್ಡ ಪಾಲನ್ನು ಮರಕ್ಕೇ ಬಿಡುತ್ತಿದ್ದರು. ಎಲ್ಲಿ ಬರೆಯಬಾರದು ಅನ್ನುವುದನ್ನು ಹಲಗೆ ನೋಡಿ ಮೊದಲು ತೀರ್ಮಾನ ಮಾಡುತ್ತಿದ್ದರು. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಇದು ನಿಜವಾದ ಪದ್ಧತಿಯೇ. ಹೆಸರು ಸುಗಿತೋ-ಎ. ಸುಗಿ ಅಂದರೆ ಜಪಾನಿನ ಸೀಡರ್ ಅಂತ ಕರೆಯುವ ಮರ. ತೋ ಅಂದರೆ ಬಾಗಿಲು, ಎ ಅಂದರೆ ಚಿತ್ರ. ಅಲ್ಲಿನ ಅರಮನೆ, ದೇವಾಲಯಗಳ ಒಳಕೋಣೆಗಳಲ್ಲಿ ಕಾಗದ ಅಂಟಿಸಿದ ಸರಿಯುವ ಬಾಗಿಲುಗಳಿರುತ್ತವೆ. ಚಿನ್ನದ ರೇಕು, ದಟ್ಟ ಬಣ್ಣ ಎಲ್ಲ ಅವುಗಳ ಮೇಲೆ. ಆದರೆ ಹೊರ ಜಗಲಿ, ಓಣಿಗಳ ಕಡೆ ಗಾಳಿ ಬರುತ್ತದೆ, ತೇವ ಬರುತ್ತದೆ. ಅಲ್ಲಿ ಕಾಗದ ಬಾಳುವುದಿಲ್ಲ. ಹಾಗಾಗಿ ಅಲ್ಲಿ ಅಗಲವಾದ ಸುಗಿ ಹಲಗೆಯ ಬಾಗಿಲು ಹಾಕಿ, ಆ ಹಲಗೆಯ ಮೇಲೇ ನೇರವಾಗಿ ಬರೆದರು. ಕ್ಯೋಟೋದ ನಿಜೋ ಕೋಟೆಯಲ್ಲಿ ಇಂಥ ಬಾಗಿಲುಗಳಿವೆ. ಹೂವು, ಹಕ್ಕಿ, ಮರ, ಪ್ರಾಣಿ. ಸುತ್ತ ಬರೀ ಮರ.

ಇವುಗಳಲ್ಲಿ ನನಗೆ ತುಂಬ ಇಷ್ಟವಾದವು ಅದೇ ಊರಿನ ಯೋಗೆನ್-ಇನ್ ಅನ್ನುವ ದೇವಾಲಯದಲ್ಲಿವೆ. ಬೆಂಕಿಗೆ ಸಿಕ್ಕಿದ್ದ ಆ ದೇವಾಲಯವನ್ನು 1621ರಲ್ಲಿ ಮತ್ತೆ ಕಟ್ಟಿದರು. ಅಲ್ಲಿನ ಸುಗಿ ಬಾಗಿಲುಗಳ ಮೇಲೆ ತವಾರಾಯಾ ಸೋತಾತ್ಸು ಅನ್ನುವ ಚಿತ್ರಗಾರ ಬರೆದ ಬಿಳಿ ಆನೆಗಳಿವೆ. ಆನೆ ಜಪಾನಿನ ಕಾಡಿನ ಪ್ರಾಣಿ ಅಲ್ಲ. ನಮ್ಮ ಕಡೆಯಿಂದ ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ಪ್ರಾಣಿ. ಸಮಂತಭದ್ರ ಬೋಧಿಸತ್ವನ ವಾಹನ ಬಿಳಿ ಆನೆ. ಮಲೆನಾಡಿನವರಾದ ನಿಮಗೆ ಆ ಆನೆಯ ಅಂಗರಚನೆಯಲ್ಲಿ ತಪ್ಪುಗಳು ಕಾಣಬಹುದು. ಆದರೆ ಅದರ ಭಾರ ನೋಡಿ. ದೇಹ ಬಾಗಿಲನ್ನೆಲ್ಲ ತುಂಬಿಕೊಂಡು ಆಚೆ ಒತ್ತುತ್ತದೆ. ಇರುವುದು ಕೆಲವೇ ದಪ್ಪ ಬಾಗು ಗೆರೆಗಳು, ಮೇಲೆ ಗಟ್ಟಿ ಬಿಳಿ. ಹಿಂದೆ ಕಾಡಿಲ್ಲ, ಬೆಟ್ಟ ಇಲ್ಲ, ನೆಲದ ಗೆರೆ ಕೂಡ ಇಲ್ಲ. ಸುಗಿ ಮರದ ಎಳೆ ಅಷ್ಟೇ. ಹಿಂದೆ ಒಂದು ಕಾಡು ಬರೆದಿದ್ದರೆ ಆ ಆನೆ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ನಿಮ್ಮ ಪೈನ್ ಮರಕ್ಕೇ ಸಂಬಂಧಪಟ್ಟದ್ದು. ಜಪಾನಿನಲ್ಲಿ ನೋ ಅನ್ನುವ ಸಾಂಪ್ರದಾಯಿಕ ನಾಟಕ ಇದೆ. ಅದರ ರಂಗ ಪೂರ್ತಿ ಮರದ್ದು. ಹೆಚ್ಚಾಗಿ ಹಿನೋಕಿ ಅನ್ನುವ ಸೈಪ್ರೆಸ್ ಮರ ಬಳಸುತ್ತಾರೆ. ರಂಗದ ಹಿಂದೆ ಪರದೆ ಇರುವುದಿಲ್ಲ, ಹಲಗೆಯ ಗೋಡೆ ಇರುತ್ತದೆ. ಅದರ ಮೇಲೆ ಒಂದು ಹಳೇ ಪೈನ್ ಮರ. ಯಾವ ನಾಟಕ ಆಡಿದರೂ ಹಿಂದೆ ಅದೇ ಮರ. ಆ ಗೋಡೆಗೆ ಕಾಗಾಮಿ-ಇತಾ ಅನ್ನುತ್ತಾರೆ, ಅಂದರೆ ಕನ್ನಡಿ ಹಲಗೆ. ರಂಗದ ಎದುರಿಗೆ ಇರುವ ದೇವರ ಪೈನ್ ಮರ ಈ ಹಲಗೆಯಲ್ಲಿ ಪ್ರತಿಬಿಂಬವಾಗಿ ಕಾಣುತ್ತಿದೆ ಅನ್ನುವ ಭಾವನೆ ಅದರದ್ದು. ನಾರಾದ ಕಾಸುಗಾ ದೇಗುಲದ ಪೈನ್ ಮರವನ್ನು ಅದರ ಮೂಲ ಅಂತ ಹೇಳುತ್ತಾರೆ. ಕ್ಯೋಟೋದ ನಿಶಿ ಹೊಂಗಾನ್-ಜಿಯಲ್ಲಿರುವ ನೋ ರಂಗದಲ್ಲಿ 1581ರ ಬರಹ ಸಿಕ್ಕಿದೆ. ಉಳಿದಿರುವ ನೋ ರಂಗಗಳಲ್ಲಿ ಅದೇ ಅತಿ ಹಳೆಯದು ಅಂತ ಲೆಕ್ಕ. ಇಂಥ ಪೈನ್ ಚಿತ್ರಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಎಲೆಗೊಂಚಲುಗಳು ದಟ್ಟ ಹಸಿರು. ಕಾಂಡ ಹಾವಿನ ಹಾಗೆ ತಿರುಚಿಕೊಂಡಿರುತ್ತದೆ. ಕೊಂಬೆಗಳ ನಡುವೆ ಮರದ ಬಣ್ಣ ಹಾಗೇ ಇರುತ್ತದೆ. ಮರದ ಮೇಲೆ ಮರ ಬರೆಯುವುದರಲ್ಲಿ ಒಂದು ಮಮತೆ ಇದೆ, ಅಲ್ವಾ?

ಬರೆದ ಚಿತ್ರ ಮಾತ್ರ ಅಲ್ಲ, ಅಚ್ಚಿನ ಚಿತ್ರದಲ್ಲೂ ಮರ ಕೆಲಸ ಮಾಡಿದೆ. ಹೊಕುಸಾಯಿ ಅನ್ನುವ ಚಿತ್ರಗಾರನ ದೊಡ್ಡ ಅಲೆಯ ಚಿತ್ರ ನೀವು ಖಂಡಿತ ನೋಡಿರುತ್ತೀರಿ. ಸುಮಾರು 1831ರದ್ದು. ಅದು ಕುಂಚದಿಂದ ಬರೆದ ಚಿತ್ರ ಅಂತಲೇ ತುಂಬ ಜನ ತಿಳಿದಿದ್ದಾರೆ. ಅದು ಮರದ ಅಚ್ಚಿನಿಂದ ಒತ್ತಿದ್ದು. ಚಿತ್ರಗಾರ ಬರೆದುಕೊಡುತ್ತಿದ್ದ. ಕೆತ್ತುವವನು ಕಾಡು ಚೆರ್ರಿ ಮರದ ಹಲಗೆಯಲ್ಲಿ ಅದನ್ನು ಕೆತ್ತುತ್ತಿದ್ದ. ಒತ್ತುವವನು ಬೇರೆ. ಎಲ್ಲಕ್ಕೂ ಹಣ ಹಾಕುವ ಪ್ರಕಾಶಕ ಇನ್ನೊಬ್ಬ. ಒತ್ತುವವನ ಕೈಯಲ್ಲಿ ಬಾರೆನ್ ಅನ್ನುವ ದುಂಡನೆ ತಟ್ಟೆ, ಮೇಲೆ ಬಿದಿರ ಸಿಪ್ಪೆಯ ಹೊದಿಕೆ. ಅದರಿಂದ ಕಾಗದದ ಬೆನ್ನು ಉಜ್ಜಿದಾಗ ಬಣ್ಣ ಏರುತ್ತದೆ. ಕೆಲವು ಅಚ್ಚುಗಾರರು ಆಕಾಶ ಅಥವಾ ನೀರಿನ ಜಾಗಕ್ಕೆ ಎಳೆ ಚೆನ್ನಾಗಿರುವ ಹಲಗೆಯನ್ನೇ ಹುಡುಕಿ ಇಟ್ಟುಕೊಳ್ಳುತ್ತಿದ್ದರು. ಹಲಗೆಯನ್ನು ಒದ್ದೆ ಮಾಡಿ, ಗಟ್ಟಿ ಬ್ರಷ್‌ನಿಂದ ಉಜ್ಜಿ, ಎಳೆ ಮೇಲೆದ್ದ ಮೇಲೆ ಜೋರಾಗಿ ಒತ್ತುತ್ತಿದ್ದರು. ಆಗ ಕಾಗದದ ಮೇಲೆ ಮರದ ಎಳೆಯೇ ಮೂಡುತ್ತದೆ. ಹಿರೋಶಿಗೆ ಅನ್ನುವ ಚಿತ್ರಗಾರ 1856ರಿಂದ 1858ರವರೆಗೆ ಮಾಡಿದ ಎದೋ (ಈಗಿನ ತೋಕ್ಯೋ) ನಗರದ ನೂರು ನೋಟಗಳ ಕೆಲವು ಒಳ್ಳೆ ಪ್ರತಿಗಳಲ್ಲಿ ಇದನ್ನು ಕಾಣಬಹುದು. ಅಲ್ಲಿ ಆಕಾಶದಲ್ಲಿ ಹರಿಯುವ ಗೆರೆಗಳನ್ನು ಯಾರೂ ಬರೆದಿಲ್ಲ. ಆ ಚೆರ್ರಿ ಮರ ಬದುಕಿದ್ದಾಗ ಬೆಳೆದ ಗೆರೆಗಳು ಅವು.

ಈಗ ಸುಡುವ ಕಾರಣಕ್ಕೆ ಬರುತ್ತೇನೆ. ನೀವು ಕೇಳಿರುವುದು ಯಾಕಿಸುಗಿ, ಅಂದರೆ ಸುಟ್ಟ ಸುಗಿ. ಹೊರಗಿನವರು ಅದನ್ನು ಶೋ ಸುಗಿ ಬಾನ್ ಅನ್ನುತ್ತಾರೆ. ಅದೇ ಅಕ್ಷರಗಳನ್ನು ತಪ್ಪಾಗಿ ಓದಿ ಹುಟ್ಟಿದ ಹೆಸರು ಅದು. ಜಪಾನಿನ ಪಶ್ಚಿಮ ಭಾಗದಲ್ಲಿ ಮನೆಯ ಹೊರಗೋಡೆಗೆ ಈ ಹಲಗೆ ಹೊಡೆಯುತ್ತಾರೆ. ಮೂರು ಹಲಗೆಗಳನ್ನು ತ್ರಿಕೋನದ ಕೊಳವೆ ಹಾಗೆ ಕಟ್ಟಿ ನಿಲ್ಲಿಸಿ, ತಳದಲ್ಲಿ ಬೆಂಕಿ ಹಾಕುತ್ತಾರೆ. ಒಳಮುಖ ಕೆಲವೇ ನಿಮಿಷದಲ್ಲಿ ಇದ್ದಿಲಾಗುತ್ತದೆ. ಮಳೆ, ಹುಳು ತಡೆಯಲು ಮಾಡಿದ ಉಪಾಯ ಅದು, ಗೋಡೆಯ ಕೆಲಸ. ಚಿತ್ರ ಬರೆಯಲು ಹಲಗೆ ಸುಡುವುದು ಇತ್ತೀಚಿನದು. ಇತ್ತೀಚಿನದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ಅಲ್ಲ. ನಿಮ್ಮ ಹಲಗೆಗೆ ಹೊಂದುವುದಿಲ್ಲ, ಅಷ್ಟೇ.

ಹೊಂದದೇ ಇರುವುದಕ್ಕೆ ಕಾರಣ ಮರದ ಒಳಗೇ ಇದೆ. ಸುಗಿ ಬೆಳೆಯುವುದು ಚಳಿಗಾಲ ಇರುವ ನಾಡಿನಲ್ಲಿ. ವಸಂತದಲ್ಲಿ ಬೆಳೆದ ಭಾಗ ಮೆತ್ತಗೆ, ಬೇಸಿಗೆಯ ಕೊನೆಗೆ ಬೆಳೆದ ಭಾಗ ಗಟ್ಟಿ. ಸುಟ್ಟು ಬ್ರಷ್ ಹಾಕಿದರೆ ಮೆತ್ತನೆ ಭಾಗ ಉದುರಿ, ಗಟ್ಟಿ ಭಾಗ ಗೆರೆಗೆರೆಯಾಗಿ ಎದ್ದು ನಿಲ್ಲುತ್ತದೆ. ಬೆಂಕಿ ಇಲ್ಲದೆಯೂ ಹುಲ್ಲಿನ ಬೇರುಗಳನ್ನು ಬಿಗಿಯಾಗಿ ಕಟ್ಟಿದ ಬ್ರಷ್‌ನಿಂದ ಉಜ್ಜಿ ಇದೇ ಕೆಲಸ ಮಾಡುತ್ತಾರೆ. ಅದಕ್ಕೆ ಉಜುಕುರಿ ಅಂತ ಹೆಸರು. ನಮ್ಮ ಹಲಸಿಗೆ ಅಂಥ ಚಳಿಗಾಲದ ಲೆಕ್ಕ ಇಲ್ಲ. ಅದರಲ್ಲಿ ಮೆತ್ತಗೆ, ಗಟ್ಟಿ ಅಂತ ಪದರ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಸುಟ್ಟರೆ ಬರೀ ಕರಿ ಹಲಗೆ ಸಿಗುತ್ತದೆ. ಆ ಹೊನ್ನಿನ ಬಣ್ಣವೂ ಹೋಗುತ್ತದೆ. ಉಜುಕುರಿ ಮಾಡಿ ನೋಡುವ ಆಸೆ ಇದ್ದರೆ ಯಂತ್ರಗಳ ಪ್ಯಾಕಿಂಗಿಗೆ ಬರುವ ಪೈನ್ ಮರದ ಪಟ್ಟಿಗಳನ್ನು ಗುಜರಿಯಿಂದ ತನ್ನಿ. ತಂತಿ ಬ್ರಷ್‌ನಿಂದ ಎಳೆಯ ಉದ್ದಕ್ಕೇ ಉಜ್ಜಿ. ಹತ್ತು ನಿಮಿಷದಲ್ಲಿ ಅಲೆಗಳು ಏಳುತ್ತವೆ. ಕೈಯಾಡಿಸಿದರೆ ಬೆರಳಿಗೇ ಗೊತ್ತಾಗುತ್ತದೆ.

ಹಲಸಿನ ಹಲಗೆಯ ಸಿದ್ಧತೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಈ ಕೆಲಸ ಕೆಡುವುದು ಇಲ್ಲೇ.

ಅಟ್ಟದ ಹಲಗೆ ಅಂದಿರಿ. ಹತ್ತಾರು ವರ್ಷ ಒಲೆಯ ಹೊಗೆ ಕುಡಿದು ಒಣಗಿರುತ್ತದೆ. ಇದು ಒಳ್ಳೆಯದು, ಹೊಸ ಹಲಗೆಯಷ್ಟು ಡೊಂಕಾಗುವುದಿಲ್ಲ. ಆದರೆ ಮೇಲೆ ಮಸಿ, ಎಣ್ಣೆ ಕೂತಿರುತ್ತದೆ. ಗೇರೆಣ್ಣೆ ಬಳಿದಿದ್ದಾರಾ ಅಂತ ಮನೆಯ ಹಿರಿಯರನ್ನು ಕೇಳಿ. ಮಲೆನಾಡಿನಲ್ಲಿ ಗೆದ್ದಲಿಗೆ ಅಂತ ಬಳಿಯುವುದು ರೂಢಿ. ಗೇರೆಣ್ಣೆ ಇದ್ದರೆ ನೀರಿನಲ್ಲಿ ಕಲೆಸಿದ ಬಣ್ಣ ಹಿಡಿಯುವುದೇ ಇಲ್ಲ. ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಜಪಾನಿನವರು ಉರುಶಿ ಅನ್ನುವ ಮರದ ಹಾಲಿನಿಂದ ತಮ್ಮ ಹೆಸರಾಂತ ಅರಗಿನ ಪಾತ್ರೆಗಳನ್ನು ಮಾಡುತ್ತಾರೆ. ಆ ಮರ ನಮ್ಮ ಗೇರು, ಮಾವುಗಳ ಬಳಗದ್ದೇ. ಉರುಶಿಗೆ ಬದಲಾಗಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಬಣ್ಣ ಈಗಲೂ ಅಲ್ಲಿ ಬಳಕೆಯಲ್ಲಿದೆ. ಅದರ ಹೆಸರೂ ಕಾಶ್ಯೂ.

ಮೇಲಿನ ಪದರ ತೆಗೆಯಲು ಸ್ಯಾಂಡ್‌ಪೇಪರ್ ಹಿಡಿಯಬೇಡಿ. ಹತ್ತರಿ ಹೊಡೆಸಿ. ಜಪಾನಿ ಮರಗೆಲಸದಲ್ಲಿ ಕೊನೆಯ ನುಣುಪು ಬರುವುದು ಹತ್ತರಿಯಿಂದಲೇ. ಅವರ ಹತ್ತರಿಗೆ ಕನ್ನಾ ಅಂತಾರೆ, ಅದನ್ನು ಮುಂದೆ ತಳ್ಳುವುದಿಲ್ಲ, ತಮ್ಮ ಕಡೆ ಎಳೆಯುತ್ತಾರೆ. ಹತ್ತರಿ ಹೊಡೆಯುವ ಸ್ಪರ್ಧೆಗಳೇ ಅಲ್ಲಿ ನಡೆಯುತ್ತವೆ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತೆಳುವಾದ ಹೊಟ್ಟು ಎಬ್ಬಿಸುತ್ತಾರೆ. ಹರಿತವಾದ ಅಲಗು ನಾರನ್ನು ಕತ್ತರಿಸುತ್ತದೆ. ಹಾಗಾಗಿ ಎಳೆ ತಿಳಿಯಾಗಿ, ಹೊಳಪಾಗಿ ಕಾಣುತ್ತದೆ. ಸ್ಯಾಂಡ್‌ಪೇಪರ್ ನಾರನ್ನು ಕೆರೆದು, ಪುಡಿಯನ್ನು ರಂಧ್ರಗಳಿಗೆ ತುಂಬುತ್ತದೆ. ಅಂಥ ಮೈಯಲ್ಲಿ ಮಸಿ ಕಲೆಕಲೆಯಾಗಿ ಹರಡುತ್ತದೆ. ಹಲಸಿನ ಎಳೆ ಅಲ್ಲಲ್ಲಿ ಎದುರುಬದುರು ಓಡುವುದುಂಟು. ಅಲ್ಲಿ ಹತ್ತರಿ ಎಳೆಯನ್ನು ಕಿತ್ತುಹಾಕುತ್ತದೆ. ಆ ಜಾಗದಲ್ಲಿ ನಮ್ಮ ಹಳೇ ಆಚಾರಿಗಳು ಮಾಡುವ ಹಾಗೆ ಒಡೆದ ಗಾಜಿನ ಅಂಚಿನಿಂದ ಮೆಲ್ಲಗೆ ಕೀಸಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಚೌಕಟ್ಟಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಮೊದಲು ಒಂದು ಅಗಲವಾದ ಹಲಗೆಯ ಮೇಲೆ ನೀರಿನಲ್ಲಿ ನಿಂತ ಕೊಕ್ಕರೆ ಬರೆದಿದ್ದೆ. ಡೊಂಕಾಗಬಾರದು ಅಂತ ಹಿಂದಿನಿಂದ ಎರಡು ಪಟ್ಟಿಗಳನ್ನು ಅಂಟು ಹಾಕಿ, ಸ್ಕ್ರೂ ಹಾಕಿ ಬಿಗಿದೆ. ಮಳೆಗಾಲದಲ್ಲಿ ಏನೂ ಆಗಲಿಲ್ಲ. ಶಿವರಾತ್ರಿ ಕಳೆದು ಒಣಗಾಳಿ ಶುರುವಾದ ಮೇಲೆ ಒಂದು ರಾತ್ರಿ ಟಪ್ ಅಂತ ಸದ್ದು ಕೇಳಿತು. ಬೆಳಗ್ಗೆ ನೋಡಿದರೆ ಕೊಕ್ಕರೆಯ ಕುತ್ತಿಗೆಯ ಮಧ್ಯದಿಂದ ಹಲಗೆ ಸೀಳಿತ್ತು. ಮರ ಉದ್ದಕ್ಕೆ ಹೆಚ್ಚು ಕಡಿಮೆ ಆಗುವುದಿಲ್ಲ. ಅಗಲಕ್ಕೆ ಮಾತ್ರ ತೇವದಲ್ಲಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ನಿಮ್ಮ ಒಂದೂವರೆ ಅಡಿಯಲ್ಲಿ ಅದು ಕೆಲವು ಮಿಲಿಮೀಟರ್ ಆಗಬಹುದು. ಅದನ್ನು ತಡೆದರೆ ಸೀಳುತ್ತದೆ.

ಜಪಾನಿನ ಬಡಗಿಗಳು ಇದಕ್ಕೆ ಅರಿಜಾನ್ ಅನ್ನುವ ಅಡ್ಡಪಟ್ಟಿ ಹಾಕುತ್ತಾರೆ. ಅರಿ ಅಂದರೆ ಇರುವೆ. ಪಟ್ಟಿಯ ತುದಿ ಇರುವೆಯ ತಲೆಯ ಹಾಗೆ ಅಗಲ, ಕುತ್ತಿಗೆ ಸಣ್ಣ. ಹಲಗೆಯ ಬೆನ್ನಿನಲ್ಲಿ ಅದೇ ಆಕಾರದ ಕಾಲುವೆ ಕೊರೆದು, ಪಕ್ಕದಿಂದ ಪಟ್ಟಿಯನ್ನು ಜಾರಿಸುತ್ತಾರೆ. ಅಂಟೂ ಇಲ್ಲ, ಮೊಳೆಯೂ ಇಲ್ಲ. ಹಲಗೆ ಡೊಂಕಾಗದ ಹಾಗೆ ಪಟ್ಟಿ ಹಿಡಿದುಕೊಳ್ಳುತ್ತದೆ, ಆದರೆ ಹಿಗ್ಗಿ ಕುಗ್ಗಲು ಬಿಡುತ್ತದೆ. ನಿಮ್ಮ ಊರಿನಲ್ಲಿ ಬಾಗಿಲು ಮಾಡುವ ಆಚಾರಿಗೆ ಚಿತ್ರ ಬರೆದು ತೋರಿಸಿದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಹಳೇ ಪೆಟ್ಟಿಗೆಗಳ ಮೂಲೆಯಲ್ಲಿ ಇದೇ ಆಕಾರದ ಜೋಡಣೆ ಅವರು ಮಾಡಿಯೇ ಇರುತ್ತಾರೆ. ಎರಡು ಪಟ್ಟಿ ಸಾಕು. ನಾಲ್ಕೂ ಕಡೆ ಬಿಗಿಯಾದ ಫ್ರೇಮ್ ಬೇಡ.

ಇನ್ನು ಅಸ್ತರು. ಜಪಾನಿನ ಚಿತ್ರಗಾರರು ಬಳಸುವುದು ದೋಸಾ. ತೆಳ್ಳಗಿನ ಪ್ರಾಣಿ ಅಂಟಿಗೆ ಸ್ವಲ್ಪ ಪಟಿಕ ಸೇರಿಸಿದ ನೀರು ಅದು. ಬಣ್ಣ ಇಲ್ಲ, ಹಚ್ಚಿದರೆ ಹಚ್ಚಿದ್ದೇ ಕಾಣುವುದಿಲ್ಲ. ಮರ ಮಸಿಯನ್ನು ಹೀರಿ ಹರಡುವುದನ್ನು ತಡೆಯುತ್ತದೆ, ಅಷ್ಟೇ ಅದರ ಕೆಲಸ. ಅಂಟಿಗೆ ಅವರು ನಿಕಾವಾ ಅನ್ನುತ್ತಾರೆ. ನಮ್ಮ ಹಳೇ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಮರವಜ್ರದ ಜಾತಿಯದೇ. ನಿಮಗೆ ಸುಲಭವಾಗಿ ಸಿಗುವುದು ಬೇಕರಿ ಸಾಮಾನಿನ ಅಂಗಡಿಯ ಜೆಲಟಿನ್, ಸಕ್ಕರೆ ಪರಿಮಳ ಸೇರಿಸದ್ದು. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಜೆಲಟಿನ್ ಹಾಕಿ ನೆನೆಸಿ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಕುದಿಸಬೇಡಿ, ಕುದಿದರೆ ಅಂಟಿನ ಬಲ ಹೋಗುತ್ತದೆ. ಸ್ವಲ್ಪ ಆರಿದ ಮೇಲೆ 5 ಗ್ರಾಂ ಪಟಿಕದ ಪುಡಿ ಕರಗಿಸಿ. ಅಗಲ ಕುಂಚದಿಂದ ತೆಳ್ಳಗೆ ಒಂದು ಸಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಪ್ರಾಣಿ ಅಂಟು ಬೇಡ ಅನ್ನುವವರು ಹೊಳಪಿಲ್ಲದ ಅಕ್ರಿಲಿಕ್ ಮೀಡಿಯಂಗೆ ಜಾಸ್ತಿ ನೀರು ಬೆರೆಸಿ ಹಚ್ಚಬಹುದು. ಎಳೆ ಅದರಲ್ಲೂ ಕಾಣುತ್ತದೆ.

ಆದರೆ ಹಲಸು ಅಂದ ಮೇಲೆ ಒಂದು ಎಚ್ಚರಿಕೆ. ಹಲಸಿನ ಚೇಗಿನಲ್ಲಿ ಹಳದಿ ಬಣ್ಣ ಇದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದ ಹಾಕುತ್ತಿದ್ದ ಬಣ್ಣ ಅದೇ. ಬಟ್ಟೆಗೆ ಆ ಬಣ್ಣ ಹಿಡಿಸಲು ಬಳಸುವುದು ಪಟಿಕ. ಅಂದರೆ ನೀವು ಪಟಿಕದ ನೀರು ಹಚ್ಚಿದರೆ ಹಲಗೆ ಇನ್ನಷ್ಟು ಹಳದಿಗೆ ತಿರುಗಬಹುದು, ಬಿಳಿ ಕೊಕ್ಕರೆಯ ಮೇಲೆ ಹಳದಿ ಛಾಯೆ ಏರಲೂಬಹುದು. ಸುಗಿ ಮರದಲ್ಲಿ ಜಪಾನಿನವರಿಗೆ ಈ ಸಮಸ್ಯೆ ಇಲ್ಲ. ಹಾಗಾಗಿ ಹಲಗೆಯ ಬೆನ್ನಿನಲ್ಲಿ ಅಂಗೈ ಅಗಲ ಹಚ್ಚಿ, ಮೇಲೆ ಸ್ವಲ್ಪ ಬಿಳಿ ಹಾಕಿ, ಎರಡು ವಾರ ಬಿಟ್ಟು ನೋಡಿ. ಹಳದಿ ಜಾಸ್ತಿ ಅನ್ನಿಸಿದರೆ ಪಟಿಕ ಬಿಟ್ಟು ಬರೀ ಜೆಲಟಿನ್ ಹಚ್ಚಿ. ಮಸಿ ಸ್ವಲ್ಪ ಹರಡೀತು, ಬಣ್ಣ ಮಾತ್ರ ಕೆಡುವುದಿಲ್ಲ.

ಬಣ್ಣಗಳ ಬಗ್ಗೆ ಚಿಂತೆ ಬೇಡ. ಅವರ ಹಳೇ ಬಣ್ಣಗಳು ಕಲ್ಲಿನವು. ನೀಲಿ ಅಜುರೈಟ್ ಕಲ್ಲಿನಿಂದ, ಹಸಿರು ಮಾಲಕೈಟ್‌ನಿಂದ. ಒಂದೇ ಕಲ್ಲನ್ನು ದಪ್ಪ ಅರೆದರೆ ಗಾಢ ಬಣ್ಣ, ನುಣ್ಣಗೆ ಅರೆದರೆ ತಿಳಿ ಬಣ್ಣ. ಈಗಲೂ ಸಿಗುತ್ತವೆ, ಆದರೆ ದುಬಾರಿ. ನಿಮಗೆ ಒಳ್ಳೆಯ ಗುವಾಷ್, ಅಂದರೆ ದಟ್ಟವಾಗಿ ಕೂರುವ ಜಲವರ್ಣ ಸಾಕು, ಅದು ಹೊಳೆಯುವುದಿಲ್ಲ. ಅಕ್ರಿಲಿಕ್ ಹೊಳಪು ಮರದ ಹೊಳಪಿನ ಜೊತೆ ಜಗಳ ಆಡುತ್ತದೆ. ಕಪ್ಪಿಗೆ ಸುಮಿ ಮಸಿ. ಎಣ್ಣೆಯ ಅಥವಾ ಪೈನ್ ಕಟ್ಟಿಗೆಯ ಕಾಡಿಗೆಯನ್ನು ಅಂಟಿನಲ್ಲಿ ಕಲೆಸಿ ಒಣಗಿಸಿದ ಕಡ್ಡಿ ಅದು. ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು, ಗಂಧ ತೇಯುವ ಹಾಗೆ. ಬಾಟಲಿಯದ್ದೂ ಸಿಗುತ್ತದೆ. ಆದರೆ ತೇಯುವ ಆ ಐದು ನಿಮಿಷದಲ್ಲಿ ಕೈ ಶಾಂತವಾಗುತ್ತದೆ, ಅದನ್ನು ಕಳೆದುಕೊಳ್ಳಬೇಡಿ.

ಬಿಳಿಗೆ ಅವರದ್ದು ಗೋಫುನ್. ಸಿಂಪಿಯ ಚಿಪ್ಪುಗಳನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಆಮೇಲೆ ಅರೆದ ಪುಡಿ. ಇದನ್ನು ಓದಿ ಕರಾವಳಿಯ ಚಿಪ್ಪುಸುಣ್ಣ ತರಲು ಹೊರಡಬೇಡಿ. ಅದು ಸುಟ್ಟ ಸುಣ್ಣ, ಅದರ ಖಾರಕ್ಕೆ ಅಂಟೂ ಕೆಡುತ್ತದೆ, ಹಲಸಿನ ಹಳದಿಯೂ ಕದಡುತ್ತದೆ. ಗೋಫುನ್ ಅನ್ನು ಸುಡುವುದಿಲ್ಲ. ಅದರ ಪುಡಿಗೆ ಅಂಟು ಸೇರಿಸಿ ಹಿಟ್ಟಿನ ಹಾಗೆ ನಾದಿ, ಉಂಡೆ ಮಾಡಿ, ತಟ್ಟೆಗೆ ನೂರು ಸಲ ಬಡಿಯುವ ರೂಢಿ ಇದೆ. ನೂರು ಬಡಿತ ಅಂತಲೇ ಅದರ ಹೆಸರು. ಅಂಟು ಪ್ರತಿ ಕಣಕ್ಕೂ ಮೆತ್ತಿಕೊಳ್ಳಲಿ ಅಂತ. ಆಮೇಲೆ ನೀರಿನಲ್ಲಿ ಕರಗಿಸಿಕೊಳ್ಳುತ್ತಾರೆ. ಗೋಫುನ್ ಹಚ್ಚುವಾಗ ಮಂಕಾಗಿ ಕಂಡು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಸೋತಾತ್ಸುವಿನ ಆನೆಯ ಬಿಳಿ ಇಂಥದ್ದೇ. ಆನ್‌ಲೈನ್‌ನಲ್ಲಿ ಸಣ್ಣ ಪ್ಯಾಕೆಟ್ ಸಿಗುತ್ತದೆ. ಕೊಕ್ಕರೆಗೆ ಮಾತ್ರ ಬೇಕಾದ್ದರಿಂದ ಕೊಂಡರೂ ನಷ್ಟ ಇಲ್ಲ.

ಈಗ ಚಿತ್ರ. ನೀವು ಪೈನ್, ಮಂಜು, ಕೊಕ್ಕರೆ ಅಂತ ಮೊದಲೇ ನಿರ್ಧರಿಸಿದ್ದೀರಿ. ಒಂದು ವಾರ ಅದನ್ನು ಪಕ್ಕಕ್ಕೆ ಇಡಿ. ಹತ್ತರಿ ಹೊಡೆಸಿದ ಹಲಗೆಯನ್ನು ಗೋಡೆಗೆ ಒರಗಿಸಿ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಎಳೆ ಎದ್ದು ಕಾಣುತ್ತದೆ. ಅಡ್ಡ ಇಟ್ಟು ನೋಡಿ, ಉದ್ದ ಇಟ್ಟು ನೋಡಿ, ತಲೆಕೆಳಗೆ ಮಾಡಿ ನೋಡಿ. ಅಡ್ಡ ಇಟ್ಟಾಗ ಎಳೆ ಮಂಜಿನ ಪದರದ ಹಾಗೆ ಹರಿಯುತ್ತದಾ? ಉದ್ದ ಇಟ್ಟರೆ ಮಳೆಯಾ? ಗಂಟು ಎಲ್ಲಿದೆ? ಗಂಟಿನ ಸುತ್ತ ಎಳೆ ಸುತ್ತಿಕೊಂಡು ಹೋಗುವುದು ಹೊಳೆಯಲ್ಲಿ ಬಂಡೆಯ ಸುತ್ತ ನೀರು ಹೋಗುವ ಹಾಗೇ ಇರುತ್ತದೆ. ಅಲ್ಲಿ ಕೊಕ್ಕರೆಯ ಕಾಲು ಇಟ್ಟರೆ ನೀರು ಬರೆಯುವ ಕೆಲಸವೇ ಇಲ್ಲ. ಅಂಚಿನಲ್ಲಿ ಬೆಳುಪು ಬಣ್ಣದ ಪಟ್ಟಿ ಇದ್ದರೆ ಅದು ಬೆಳಗಿನ ಬೆಳಕು. ಪೆನ್ಸಿಲ್ ಹಿಡಿಯುವ ಮುಂಚೆ, ಮುಟ್ಟಬಾರದ ಜಾಗ ಯಾವುದು ಅಂತ ಗುರುತು ಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಅದು ಹಲಗೆಯ ಅರ್ಧಕ್ಕಿಂತ ಜಾಸ್ತಿಯೇ ಇರುತ್ತದೆ.

ಮಂಜು ಬರೆಯಲು ಗುರು ಅಂದರೆ ಹಸೆಗಾವಾ ತೋಹಾಕು. ಹದಿನಾರನೇ ಶತಮಾನದ ಕೊನೆಗೆ ಅವನು ಮಾಡಿದ ಪೈನ್ ಮರಗಳ ಜೋಡಿ ಪರದೆ ತೋಕ್ಯೋ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಆರಾರು ಮಡಿಕೆಯ ಎರಡು ಪರದೆ, ಒಂದೊಂದೂ ಸುಮಾರು ಒಂದೂವರೆ ಮೀಟರ್ ಎತ್ತರ, ಮೂರೂವರೆ ಮೀಟರ್ ಅಗಲ. ಬರೀ ಮಸಿ. ಅದು ಕಾಗದದ ಮೇಲಿನದು, ಆದರೆ ಪಾಠ ಹಲಗೆಗೂ ಅದೇ. ಹತ್ತಿರದ ಮರ ಕಪ್ಪು, ಒರಟು, ಜೋರಾದ ಗೆರೆ. ದೂರದ ಮರ ನೀರಿನಷ್ಟು ತೆಳು. ನಡುವೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗವೇ ನಮಗೆ ಮಂಜಾಗಿ ಕಾಣುತ್ತದೆ. ಅವನು ಮಂಜನ್ನು ಬರೆದೇ ಇಲ್ಲ. ನೀವೂ ಬಿಳಿ ಬಣ್ಣದಿಂದ ಮಂಜು ಬರೆಯಬೇಡಿ. ಮರಗಳನ್ನು ತೆಳುವಾಗಿಸುತ್ತಾ ಹೋಗಿ, ಹಲಗೆ ತಾನಾಗಿಯೇ ಮಂಜಾಗುತ್ತದೆ.

ಇದಕ್ಕೆ ಎರಡು ಕುಂಚ ಬೇಕು. ಒಂದರಲ್ಲಿ ಮಸಿ, ಇನ್ನೊಂದರಲ್ಲಿ ಬರೀ ನೀರು. ಮಸಿಯ ಗೆರೆ ಒಣಗುವ ಮುಂಚೆ ನೀರಿನ ಕುಂಚದಿಂದ ಅದರ ಒಂದು ಅಂಚನ್ನು ಮಾತ್ರ ಸವರಿ ಕರಗಿಸಬೇಕು. ಬೊಕಾಶಿ ಅಂತಾರೆ. ಪೈನ್ ಕಾಂಡಕ್ಕೆ ಸೋತಾತ್ಸುವಿನ ಇನ್ನೊಂದು ಉಪಾಯ ಇದೆ, ತರಾಶಿಕೋಮಿ. ಒದ್ದೆ ಮಸಿಯೊಳಗೆ ಇನ್ನೊಂದು ಹನಿ ಹಸಿರನ್ನೋ ದಟ್ಟ ಮಸಿಯನ್ನೋ ಬಿಟ್ಟು, ಸುಮ್ನೆ ಕೈ ತೆಗೆಯುವುದು. ಅದು ತನ್ನಷ್ಟಕ್ಕೆ ಹರಡಿ ಪಾಚಿಯ ಹಾಗೆ ಒಣಗುತ್ತದೆ. ಹಲಗೆಯನ್ನು ನೆಲದ ಮೇಲೆ ಮಟ್ಟವಾಗಿ ಮಲಗಿಸಿಯೇ ಇದನ್ನು ಮಾಡಿ, ನಿಲ್ಲಿಸಿದರೆ ಸೋರುತ್ತದೆ.

ಪೈನ್ ಮರವೇ ಆಗಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ಒಂದು ಕಥೆ ಹೇಳಬೇಕು. 1903ರಲ್ಲಿ ಯೊಕೊಯಾಮಾ ತಾಯ್ಕಾನ್ ಮತ್ತು ಹಿಶಿದಾ ಶುನ್ಸೋ ಅನ್ನುವ ಇಬ್ಬರು ಜಪಾನಿ ಚಿತ್ರಗಾರರು ಕಲ್ಕತ್ತೆಗೆ ಬಂದರು. ಗೆರೆ ಬಿಟ್ಟು ಬಣ್ಣದ ಮಬ್ಬಿನಿಂದಲೇ ಚಿತ್ರ ಕಟ್ಟುವುದು ಅವರ ಪ್ರಯೋಗ. ಅವರ ಕೈಯ ಕೆಲಸ ನೋಡಿ ಬಂಗಾಳದ ಚಿತ್ರಗಾರ ಅಬನೀಂದ್ರನಾಥ ಠಾಕೂರರು ತೆಳು ಬಣ್ಣದ ನೀರು ಸವರುವ ತಮ್ಮ ವಾಶ್ ಪದ್ಧತಿ ರೂಪಿಸಿಕೊಂಡರು. ಮುಂದೆ ಮೈಸೂರಿನಿಂದ ಹೋಗಿ ಅಬನೀಂದ್ರನಾಥರ ಬಳಿ ಕಲಿತವರು ನಮ್ಮ ಕೆ. ವೆಂಕಟಪ್ಪ. ವಾಪಸ್ ಬಂದ ಅವರು ಫ್ಯೂಜಿ ಬೆಟ್ಟ ಬರೆಯಲಿಲ್ಲ. ಊಟಿಗೆ, ಕೊಡೈಕೆನಾಲ್‌ಗೆ ಹೋಗಿ ಅಲ್ಲಿನ ಮಂಜು, ಮೋಡ, ಕಣಿವೆಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಹಲಗೆ ಮುಟ್ಟುವ ಮುಂಚೆ ಅವರ ಊಟಿ ಚಿತ್ರಗಳನ್ನು ನೋಡಿ. ನಿಮ್ಮ ಮನೆಯ ಹಿಂದಿನ ಅಡಿಕೆ ತೋಟದಲ್ಲಿ ಮುಂಜಾನೆ ಮಂಜು ಇಳಿದಾಗ ದೂರದ ಮರಗಳು ಹೇಗೆ ತೆಳುವಾಗುತ್ತವೆ ಅಂತಲೂ ನಾಲ್ಕು ದಿನ ನೋಡಿ. ಆಮೇಲೂ ಪೈನ್ ಮರವೇ ಕರೆದರೆ ಪೈನ್ ಬರೆಯಿರಿ.

ಮುಗಿದ ಮೇಲೆ ವಾರ್ನಿಷ್ ಹೊಡೆಯಬೇಡಿ. ಸುಗಿತೋ-ಎ ಮೇಲೆ ವಾರ್ನಿಷ್ ಇಲ್ಲ. ಅವುಗಳಲ್ಲಿ ಅಲ್ಲಲ್ಲಿ ಬಣ್ಣ ಉದುರಿದೆ, ಮರ ಕಂದಿದೆ, ಅದು ನಾಲ್ಕು ನೂರು ವರ್ಷದ ಲೆಕ್ಕ. ವಾರ್ನಿಷ್ ಹಾಕಿದರೆ ಗೋಫುನ್ ಬಿಳಿ ಅರೆಪಾರದರ್ಶಕವಾಗಿ ಮಂಕಾಗುತ್ತದೆ, ಮಸಿ ಹೊಳೆಯುತ್ತದೆ, ಮತ್ತೆ ಅಂಗಡಿ ಬೋರ್ಡು. ಧೂಳು ಒಣ ಕುಂಚದಿಂದ ತೆಗೆಯಿರಿ. ನೇರ ಬಿಸಿಲು ಬೀಳುವ ಗೋಡೆ, ಅಡುಗೆಮನೆ ಗೋಡೆ ಬೇಡ. ಹಲಸು ಬೆಳಕಿಗೆ ವರ್ಷ ಕಳೆದ ಹಾಗೆ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಹತ್ತರಿ ಹೊಡೆದಾಗ ಕಂಡ ಹಳದಿ ಉಳಿಯುವುದಿಲ್ಲ. ಹಾಗಾಗಿ ದೂರದ ಮರಗಳ ಮಸಿಯನ್ನು ಈಗ ಕಣ್ಣಿಗೆ ಸರಿ ಅನ್ನಿಸುವುದಕ್ಕಿಂತ ಒಂದು ಚೂರು ಗಾಢ ಇಡಿ. ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಅವು ಮರದಲ್ಲೇ ಕರಗಿಬಿಡುತ್ತವೆ.

ಮಳೆಗಾಲದಲ್ಲಿ ಶುರು ಮಾಡಬೇಡಿ. ಸಾಗರದ ಕಡೆ ಆಗ ಅಂಟು ಒಣಗುವ ಮುಂಚೆ ಬೂಸ್ಟು ಬರುತ್ತದೆ. ಈಗಲೇ ಹತ್ತರಿ ಹೊಡೆಸಿ, ಪಟ್ಟಿ ಕೂರಿಸಿ, ಬೆನ್ನಿನಲ್ಲಿ ಪಟಿಕದ ಪರೀಕ್ಷೆ ಮಾಡಿ, ಹಲಗೆಯನ್ನು ನಡುಮನೆಯಲ್ಲಿ ಒರಗಿಸಿಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ದೋಸಾ ಕಾಯಿಸಿ.